ಎರೆನೆಲದಲ್ಲಿ ಕೇಳಿದ ದಿಮ್ಮಿಸಿನ ಸದ್ದು

ದೆವ್ವ, ಆತ್ಮ ಎಂದವರನ್ನು ಗೇಲಿ ಮಾಡುತ್ತಲೇ ದೊಡ್ಡವನಾದವನು ನಾನು. ಕಟ್ಟಡದ ಇಂಜಿನಿಯರ್ ಬೇರೆ. ಮಣ್ಣು, ನೀರು, ಭಾರದ ಲೆಕ್ಕದಾಚೆ ಏನೂ ಇಲ್ಲವೆಂದೇ ನಂಬಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ, ಹಡಗಲಿ ಹತ್ತಿರದ ಅಕ್ಕನ ಊರಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ನಂಬಲೇಬೇಕೆಂದು ಒತ್ತಾಯವಿಲ್ಲ.

ಅಲ್ಲಿಯದು ಕರಿಮಣ್ಣಿನ ಎರೆನೆಲ. ಬೇಸಿಗೆಯಲ್ಲಿ ಕಲ್ಲಿನಂತಿರುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಭಾವ ಬೇಸಿಗೆಯ ನೆಲವನ್ನು ನಂಬಿ, ಮಣ್ಣು ಬಡಿಯುವ ದಿಮ್ಮಿಸನ್ನು ತಾವೇ ಹಿಡಿದು, ಅದರ ಮೇಲೇ ಪಾಯ ಹಾಕಿಸಿದ್ದರು. ಒಂದು ಮಳೆಗಾಲದಲ್ಲಿ ಗೋಡೆ ಕುಸಿದು ಅವರ ಮೇಲೆ ಬಿತ್ತು. ಭಾವ ಉಳಿಯಲಿಲ್ಲ. ಆಮೇಲೆ ಅಕ್ಕ ಗೋಡೆಯಿರುವ ಯಾವ ಮನೆಯಲ್ಲೂ ಮಲಗಲಿಲ್ಲ. ಮಳೆ ಬಂದರೂ ಮಕ್ಕಳನ್ನು ತಬ್ಬಿಕೊಂಡು ತಗಡಿನ ಚಪ್ಪರದಡಿ ಕೂರುತ್ತಿದ್ದಳು.

ಅದೇ ಜಾಗದಲ್ಲಿ ಗಟ್ಟಿ ಮನೆ ಕಟ್ಟಿಕೊಡುತ್ತೇನೆಂದು ಹಟ ಹಿಡಿದೆ. ಕರಿಮಣ್ಣನ್ನೆಲ್ಲ ಆಳಕ್ಕೆ ತೆಗೆಸಿ, ಕೂಡ್ಲಿಗಿ ಕಡೆಯ ಕೆಂಪು ಗರಸು ಮಣ್ಣಿಗೆ ಸುಣ್ಣ ಬೆರೆಸಿ, ಪದರ ಪದರವಾಗಿ ಸುರಿದು, ನೀರು ಚಿಮುಕಿಸಿ, ದಿಮ್ಮಿಸಿನಿಂದ ಬಡಿಸಿ ಗಟ್ಟಿ ಮಾಡಿಸುತ್ತಿದ್ದೆ. ಅಕ್ಕ ಬೇವಿನ ನೆರಳಲ್ಲಿ ಕೂತು ನೋಡುತ್ತಿದ್ದಳೇ ಹೊರತು ಗುಂಡಿಯ ಹತ್ತಿರ ಸುಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೂಲೆಯೊಂದಕ್ಕೆ ಗರಸು ಸುರಿದು, ಬಡಿಯುವ ಮೊದಲೇ ಆಳುಗಳೆಲ್ಲ ಊಟಕ್ಕೆ ಹೋದರು. ನಾನೂ ಅಕ್ಕನೂ ಬೇವಿನ ಕೆಳಗೆ ರೊಟ್ಟಿ ಗಂಟು ಬಿಚ್ಚಿದೆವು. ಗುಂಡಿಯಿಂದ ದಿಮ್ಮಿಸಿನ ಸದ್ದು ಕೇಳಿತು. ಹೋಗಿ ಇಣುಕಿದೆ. ಯಾರೂ ಇರಲಿಲ್ಲ, ದಿಮ್ಮಿಸು ದಂಡೆಗೆ ಒರಗಿಸಿದಲ್ಲೇ ಇತ್ತು. ಬಂದು ಕೂತೆ, ಮತ್ತೆ ಅದೇ ಸದ್ದು. ಅಕ್ಕನ ತುತ್ತು ಕೈಯಲ್ಲೇ ಉಳಿದಿತ್ತು.

"ಎರಡು ಏಟು ಹಾಕಿ ಒಂಚೂರು ನಿಂದರತಾರ ನೋಡು. ನಿಮ್ಮ ಭಾವ ಹಿಂಗ ಬಡೀತಿದ್ರು," ಎಂದಳು.

ಊಟ ಮುಗಿಸಿ ಬಂದ ಗೌಂಡಿ ಖಾಸಿಂಸಾಬರು ಆ ಮೂಲೆಗೆ ಹಾರೆ ಹಾಕಿದರು. ಇಳಿಯಲಿಲ್ಲ. ಗುಡ್ಡೆಯಾಗಿ ಬಿಟ್ಟುಹೋಗಿದ್ದ ಗರಸು ಮಟ್ಟವಾಗಿ ಕೂತಿತ್ತು.

"ಇದನ್ನ ಯಾರು ಬಡದಾರ್ರಿ ಸರ?" ಎಂದು ಕೇಳಿದರು.

ಸುಳ್ಳೇಕೆ, ಹೆದರಿದ್ದೆ. ಎಲ್ಲ ಅಗೆದು ಹೊಸದಾಗಿ ಬಡಿಯಿರಿ ಎಂದೆ.

ಗುದ್ದಲಿ ಎತ್ತುವಷ್ಟರಲ್ಲಿ ಅಕ್ಕ ಓಡಿ ಬಂದಳು. ಗುಂಡಿಗಿಳಿದು ಆ ಮೂಲೆಯಲ್ಲಿ ಬರಿಗಾಲಲ್ಲಿ ನಿಂತಳು.

"ಅಗೀಬ್ಯಾಡೋ ತಮ್ಮಾ. ಗಟ್ಟಿ ಐತಿ. ಇದರ ಮ್ಯಾಲ ಆದ್ರ ನಾನು ಮಲಕ್ಕೊಂತೀನಿ."

ಸುಣ್ಣ ಬೆರೆತ ಮಣ್ಣು ಬಿಗಿಯಲು ದಿನಗಳು ಬೇಕು, ಒಂದು ಊಟದ ಹೊತ್ತು ಸಾಲದು. ಯಾರೋ ಕಣ್ತಪ್ಪಿಸಿ ಬಡಿದರು ಎನ್ನೋಣವೆಂದರೆ, ಇಣುಕಿ ನೋಡಿದವನು ನಾನೇ. ಆಮೇಲೆ ಎಷ್ಟೋ ಪಾಯ ಹಾಕಿಸಿದ್ದೇನೆ. ಇದಕ್ಕೆ ಮಾತ್ರ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಮನೆಯಾದ ಮೇಲಿನ ಮೊದಲ ದೊಡ್ಡ ಮಳೆಗೆ ಗಾಬರಿಯಿಂದ ಅಲ್ಲಿಗೆ ಓಡಿದೆ. ಚಪ್ಪರ ಖಾಲಿಯಿತ್ತು. ಅಕ್ಕ ಒಳಗೆ, ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಆ ಮೂಲೆಯ ಗೋಡೆಗೆ ಬೆನ್ನು ಹಚ್ಚಿ ನಿದ್ದೆ ಹೋಗಿದ್ದಳು.