ಮಾವನ ಎದೆಯ ಸದ್ದು

ನಲವತ್ತು ದಾಟಿದ ಮೇಲೆ ಮತ್ತೆ ಓದಲು ಹೋಗುತ್ತೇನೆ ಎಂದು ಅವಳು ಹೇಳಿದಾಗ ಮನೆಯಲ್ಲಿ ಮೊದಲು ನಕ್ಕವರು ಮಾವ. ಬೀದಿಯವರೆಲ್ಲ ಅವಳನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಅವಳ ಅರ್ಧ ಆಯುಷ್ಯ ಸವೆದಿತ್ತು. ಮಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸುವುದು ಕೈಲಾಗದೆ ಹೋದ ಮೇಲೆ ಅಂಗಡಿ ಮುಚ್ಚಿದ್ದರು. ಅವರ ಒಬ್ಬನೇ ಮಗ, ಅವಳ ಗಂಡ, ಲಿಫ್ಟ್ ರಿಪೇರಿ ಕೆಲಸದವನು. ಹೆಚ್ಚು ಮಾತಿನವನಲ್ಲ. ಮನೆಯ ಮಾತಿನ ಭಾರವೆಲ್ಲ ಅಪ್ಪನ ಮೇಲೆಯೇ ಬಿಟ್ಟಿದ್ದ.

"ಓದಿ ಡಾಕ್ಟರ್ ಆಗ್ತೀಯಾ?" ಎಂದು ಮಾವ ಕೇಳಿದರು.

"ಡಾಕ್ಟರ್ ಅಲ್ಲ ಮಾವ, ನರ್ಸೇ. ನರ್ಸ್ ಪ್ರಾಕ್ಟೀಷನರ್ ಅಂತಾರೆ. ರೋಗೀನ ಪರೀಕ್ಷೆ ಮಾಡಿ, ಏನಾಗಿದೆ ಅಂತ ಹೇಳಿ, ಔಷಧಿ ಬರೆಯೋ ನರ್ಸು."

"ಹಾಗಾದ್ರೆ ಇಷ್ಟು ದಿನ ಯಾರೋ ಕತ್ತರಿಸಿ ಕೊಟ್ಟಿದ್ದನ್ನ ಹೊಲೀತಿದ್ದೆ. ಇನ್ನು ಬಟ್ಟೆಗೆ ಕತ್ತರಿ ಹಾಕೋಳೂ ನೀನೇ ಅನ್ನು."

ಅವಳು ಹೌದೆಂದಳು. ಕತ್ತರಿ ತಪ್ಪಿದರೆ ಬಟ್ಟೆ ಹಾಳು ಎಂದು ಅವರು ಮತ್ತೆ ನಕ್ಕರು. ಆಮೇಲೆ ಯಾಕೋ ಗಂಭೀರವಾಗಿ, ಬಟ್ಟೆ ಕತ್ತರಿಸುವ ದೊಡ್ಡ ಮೇಜನ್ನು ಓದಲು ಬಳಸಿಕೋ ಎಂದರು.

ಅವಳು ಈ ತೀರ್ಮಾನಕ್ಕೆ ಬಂದದ್ದು ಸುಮ್ಮನೆ ಅಲ್ಲ. ಹಿಂದಿನ ವರ್ಷ ವಾರ್ಡಿಗೆ ಒಬ್ಬ ಶಾಲೆಯ ಟೀಚರ್ ಬಂದು ಸೇರಿದ್ದಳು. ಬೆಳಿಗ್ಗೆ ನಗುನಗುತ್ತ ಮಾತಾಡಿದ ಹೆಂಗಸು ಮಧ್ಯಾಹ್ನದ ಹೊತ್ತಿಗೆ ಮಂಕಾದಳು. ಜ್ವರವಿಲ್ಲ, ರಕ್ತದೊತ್ತಡ ಹೆಚ್ಚು ಕಡಿಮೆ ಸರಿಯಾಗಿಯೇ ಇದೆ. ಸಿಸ್ಟರ್ ಡಾಕ್ಟರಿಗೆ ಫೋನ್ ಮಾಡಿದಳು. ಏನಾಗಿದೆ ಎಂದು ಅವರು ಕೇಳಿದಾಗ ಅವಳ ಬಾಯಿಂದ ಬಂದದ್ದು ‘ಏನೋ ಸರಿಯಿಲ್ಲ ಸರ್’ ಎಂಬ ಮಾತಷ್ಟೇ. ಡಾಕ್ಟರು ಆಪರೇಷನ್ ಥಿಯೇಟರಿನಲ್ಲಿದ್ದರು, ಮುಗಿಸಿ ಬರುತ್ತೇನೆ ಎಂದರು. ಬರುವಷ್ಟರಲ್ಲಿ ಕೈ ಮೀರಿತ್ತು, ಟೀಚರ್ ಉಳಿಯಲಿಲ್ಲ. ಯಾರೂ ಸಿಸ್ಟರನ್ನು ದೂರಲಿಲ್ಲ. ಆದರೆ ಆ ‘ಏನೋ’ ಅವಳ ಗಂಟಲಲ್ಲಿ ಮುಳ್ಳಾಗಿ ಕೂತುಬಿಟ್ಟಿತು. ಅದಕ್ಕೊಂದು ಹೆಸರು ಇದ್ದೇ ಇರುತ್ತದೆ, ತನಗೆ ಅದು ಗೊತ್ತಿರಲಿಲ್ಲ, ಅಷ್ಟೆ. ಗೊತ್ತುಮಾಡಿಕೊಳ್ಳಬೇಕು ಎಂದು ಹೊರಟಳು.

ಓದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಕ್ಲಾಸಿನಲ್ಲಿ ಅವಳ ಪಕ್ಕ ಕೂರುವ ಹುಡುಗಿಯರಿಗೆ ಒಂದೇ ಸಲಕ್ಕೆ ತಲೆಗೆ ಹತ್ತುವುದು ಇವಳಿಗೆ ಮೂರು ಸಲ ಓದಿದರೂ ಜಾರಿಹೋಗುತ್ತಿತ್ತು. ವಾರ್ಡಿನಲ್ಲಿ ಗುಳಿಗೆ ಕೊಟ್ಟೂ ಕೊಟ್ಟೂ ಬಣ್ಣ ನೋಡಿಯೇ ಹೆಸರು ಹೇಳುವವಳು, ಅದೇ ಗುಳಿಗೆ ಮೂತ್ರಪಿಂಡಕ್ಕೆ ಏನು ಮಾಡುತ್ತದೆ ಎಂದು ಕೇಳಿದರೆ ತಡವರಿಸುತ್ತಿದ್ದಳು. ಮೇಜಿನ ತುಂಬ ಕತ್ತರಿಯ ಗೀರುಗಳು. ಅವುಗಳ ಮೇಲೆ ಪುಸ್ತಕ ಹರಡಿಕೊಂಡು ಸಂಜೆಯೆಲ್ಲ ಗೊಣಗುತ್ತ ಕೂರುತ್ತಿದ್ದಳು. ಮಾವ ಪಕ್ಕದ ಬೆತ್ತದ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಅವಳ ಗೊಣಗಾಟ ನಿಂತರೆ ಅವರಿಗೆ ಎಚ್ಚರವಾಗುತ್ತಿತ್ತು.

ಕೋರ್ಸಿನ ಮೇಡಂ ಹಿಂದೆ ಸ್ವತಃ ನರ್ಸಾಗಿದ್ದವರು. ರೋಗಿಗಳ ಎದೆ ಕೇಳುವ ಮೊದಲು ಮನೆಯವರ ಎದೆ ಕೇಳಿ ಕಿವಿ ಪಳಗಿಸಿಕೊಳ್ಳಿ ಎಂದು ಹೇಳಿ ಕಳಿಸಿದ್ದರು. ಗಂಡ, ನನಗೆ ಕಚಗುಳಿ ಎಂದು ತಪ್ಪಿಸಿಕೊಂಡ. ಮಾವನನ್ನು ಕೇಳಲು ಅವಳಿಗೆ ಸಂಕೋಚ. ಅವರಿಗೂ ಸಂಕೋಚವಾಗಿರಬೇಕು. ಆದರೂ ಅಂಗಿಯ ಗುಂಡಿ ಬಿಚ್ಚುತ್ತ, "ಊರವರ ಎದೆ ಅಳತೆಯೆಲ್ಲ ನಾನು ತಗೊಂಡಿದ್ದಾಯ್ತು. ನನ್ನ ಅಳತೆ ಯಾರೂ ತಗೊಂಡಿರಲಿಲ್ಲ. ತಗೋಮ್ಮಾ," ಎಂದರು.

ಅಂದಿನಿಂದ ದಿನಾ ಸಂಜೆ ಅದು ಅವರಿಬ್ಬರ ಅಭ್ಯಾಸವಾಯಿತು. ಎಲ್ಲೆಲ್ಲಿ ಸ್ಟೆತಸ್ಕೋಪ್ ಇಡಬೇಕು, ಯಾವ ಸದ್ದು ಮೊದಲನೆಯದು, ಯಾವುದು ಎರಡನೆಯದು ಎಂದು ಅವಳು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಮಾವ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಎರಡು ಸದ್ದುಗಳ ನಡುವೆ ಒಂದು ಒರಟಾದ ಉಜ್ಜಾಟ ಕೇಳುತ್ತಿತ್ತು. ಎದೆಯ ಕೂದಲಿಗೆ ಸ್ಟೆತಸ್ಕೋಪ್ ತಾಗಿ ಹಾಗೆ ಕೇಳುತ್ತದೆ ಎಂದುಕೊಂಡು ಅವಳು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಕೆಲವು ತಿಂಗಳು ಕಳೆದವು. ಒಂದು ಬೆಳಿಗ್ಗೆ ಮೇಡಂ ವಿದ್ಯಾರ್ಥಿಗಳನ್ನು ಒಬ್ಬ ಮುದುಕಿಯ ಮಂಚದ ಬಳಿ ನಿಲ್ಲಿಸಿ, ಇವರ ಹೃದಯದ ಬಾಗಿಲೊಂದು ಸುಣ್ಣ ಕಟ್ಟಿ ಕಿರಿದಾಗಿದೆ, ಒಬ್ಬೊಬ್ಬರಾಗಿ ಕೇಳಿ ಎಂದರು. ಸಿಸ್ಟರ್ ಸರದಿ ಬಂತು. ಕಿವಿಗಿಟ್ಟುಕೊಂಡ ತಕ್ಷಣ ಅವಳಿಗೆ ಇದು ಗೊತ್ತಿರುವ ಸದ್ದು ಅನ್ನಿಸಿತು. ಎಲ್ಲಿ ಕೇಳಿದ್ದೆ ಎಂದು ನೆನಪಿಸಿಕೊಳ್ಳುತ್ತಿದ್ದ ಹಾಗೆ ಹೊಳೆಯಿತು. ದಿನಾ ಸಂಜೆ ಮನೆಯಲ್ಲಿ ಕೇಳುತ್ತಿದ್ದುದು ಇದನ್ನೇ.

ಅಂದು ಮನೆಗೆ ಬಂದವಳು ಚೀಲ ಇಳಿಸಿದ ಕೂಡಲೇ ಮಾವನನ್ನು ಕೂರಿಸಿಕೊಂಡಳು. ಎದೆಯ ಬಲಭಾಗದಲ್ಲಿ, ಮೇಲೆ, ಆ ಒರಟು ಸದ್ದು ಇತ್ತು. ಕತ್ತಿನ ಪಕ್ಕದಲ್ಲಿಟ್ಟಳು. ಅಲ್ಲಿಗೂ ಏರಿ ಬಂದಿತ್ತು. ಮೆಟ್ಟಿಲ ಮಧ್ಯೆ ಮಂಡಿನೋವು ಎಂದು ನಿಲ್ಲುತ್ತಿದ್ದ ಮಾವ, ಸ್ನಾನ ಮುಗಿಸಿ ಬಂದು ಗೋಡೆ ಹಿಡಿದುಕೊಳ್ಳುತ್ತಿದ್ದ ಮಾವ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದರು.

"ಏನು ಕೇಳಿಸ್ತು?"

"ಏನಿಲ್ಲ ಮಾವ. ಎಂದಿನ ಹಾಗೇ ಇದೆ."

ಸುಳ್ಳೂ ಅಲ್ಲ, ನಿಜವೂ ಅಲ್ಲ. ಅವರು ಗುಂಡಿ ಹಾಕಿಕೊಂಡು ಎದ್ದು ಹೋದರು. ಮರುದಿನ ಸಂಜೆ ಪರೀಕ್ಷೆ ಹತ್ತಿರ ಬಂತು ಎಂದು ನೆಪ ಹೇಳಿದಳು. ಅದರ ಮರುದಿನ ತಲೆನೋವು ಎಂದಳು. ಗಂಡನಿಗೆ ಹೇಳೋಣವೆಂದರೆ ಮಾತು ನಾಲಿಗೆಯ ತುದಿಗೆ ಬಂದು ಹಿಂದೆ ಸರಿಯುತ್ತಿತ್ತು. ಹೆಸರು ಗೊತ್ತಿಲ್ಲದೆ ಒದ್ದಾಡಿದವಳಿಗೆ ಈಗ ಗೊತ್ತಿರುವ ಹೆಸರೇ ಗಂಟಲಿಂದ ಹೊರಡುತ್ತಿರಲಿಲ್ಲ.

ಕೊನೆಗೆ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದಳು. ಅವರು ಬೈಯಲಿಲ್ಲ. ಮನೆಯವರ ವಿಷಯದಲ್ಲಿ ಕಿವಿ ತಾನಾಗಿ ಕಿವುಡಾಗುತ್ತದೆ, ತಮಗೂ ಆಗಿದೆ ಎಂದರು. ಆಮೇಲೆ ಹೇಳಿದರು: "ಇವತ್ತೇ ಹೋಗಿ ಹೇಳು. ಹೃದಯದ ಡಾಕ್ಟರ ಹತ್ತಿರ ಕರ್ಕೊಂಡು ಬಾ. ಅಲ್ಲಿಂದ ಮುಂದೆ ಅವರಿಗೆ ನೀನು ಸೊಸೆ. ನರ್ಸಾಗೋಕೆ ಹೋಗಬೇಡ."

ಅಂದು ಸಂಜೆ ಮಾವನ ಎದುರು ಕೂತು, ನಿಮ್ಮ ಹೃದಯದ ಒಂದು ಬಾಗಿಲು ಸರಿಯಾಗಿ ತೆರೆಯುತ್ತಿಲ್ಲ ಅನ್ನಿಸುತ್ತಿದೆ, ಮೆಟ್ಟಿಲಲ್ಲಿ ಉಬ್ಬಸ ಬರುವುದೂ ಸ್ನಾನದ ಮೇಲೆ ತಲೆ ಸುತ್ತುವುದೂ ಅದರಿಂದಲೇ ಇರಬಹುದು ಎಂದು ಹೇಳಿದಳು. ಮೊದಲೇ ಹೇಳದೆ ಮುಚ್ಚಿಟ್ಟದ್ದನ್ನೂ ಹೇಳಿದಳು. ಅವಳ ಮುಖ ನೋಡಿ ಆವತ್ತೇ ಗೊತ್ತಾಗಿತ್ತು ಎಂದು ಮಾವ ತಣ್ಣಗೆ ಅಂದರು. ಎಷ್ಟು ದಿನಕ್ಕೆ ಬಾಯಿ ಬಿಡುತ್ತೀಯೋ ನೋಡುತ್ತಿದ್ದೆ ಎಂದೂ ಸೇರಿಸಿದರು. ರಾತ್ರಿ ಗಂಡನಿಗೂ ತಿಳಿಸಿದಳು.

ಹೃದಯದ ಡಾಕ್ಟರ ಕೋಣೆಯ ಹೊರಗೆ ಅವಳು ಸೀರೆಯುಟ್ಟು, ಮಾವ ಮತ್ತು ಗಂಡನ ಜೊತೆ, ಉಳಿದವರ ಹಾಗೆ ಬೆಂಚಿನ ಮೇಲೆ ಕಾದು ಕೂತಳು. ವರ್ಷಗಟ್ಟಲೆ ಅದೇ ಕಾರಿಡಾರಿನಲ್ಲಿ ಓಡಾಡಿದ್ದರೂ ಆ ಬೆಂಚು ಇಷ್ಟು ಗಟ್ಟಿ ಎಂದು ಅವಳಿಗೆ ತಿಳಿದಿರಲಿಲ್ಲ. ಸ್ಕ್ಯಾನ್ ಆಯಿತು. ಅನುಮಾನ ನಿಜವಾಯಿತು, ಕಾಯಿಲೆ ಜೋರಾಗಿಯೇ ಇತ್ತು. ಡಾಕ್ಟರು ಒಳ್ಳೆಯವರು. ಕವಾಟ ಬದಲಿಸುವ ಆಪರೇಷನ್ ಮಾಡಬಹುದು, ಆದರೆ ಮೂತ್ರಪಿಂಡವೂ ಸೋತಿದೆ, ಈ ವಯಸ್ಸಿಗೆ ಅಪಾಯ ಕಡಿಮೆಯಲ್ಲ ಎಂದು ನಿಧಾನವಾಗಿ ವಿವರಿಸಿದರು. ಮಾವ ಪೂರ್ತಿ ಕೇಳಿಸಿಕೊಂಡು ಸೊಸೆಯ ಕಡೆ ತಿರುಗಿದರು.

"ಮಾಡಿಸಿಕೊಳ್ಳದೇ ಇದ್ರೆ?"

ಅವಳು ಡಾಕ್ಟರ ಮುಖ ನೋಡಿದಳು. ಅವರು ಹೇಳಿ ಎನ್ನುವಂತೆ ತಲೆಯಾಡಿಸಿದರು. ಸೊಸೆಯಾಗಿರು ಎಂದ ಮೇಡಂ ಮಾತು ನೆನಪಾಯಿತು. ಆದರೆ ಈ ಮುದುಕ ಕೇಳುತ್ತಿರುವುದು ಸೊಸೆಯನ್ನೇ.

"ಮಾತ್ರೆಯಲ್ಲಿ ಉಬ್ಬಸ ಕಡಿಮೆ ಮಾಡಬಹುದು ಮಾವ. ಬಾಗಿಲು ಸರಿಹೋಗಲ್ಲ. ಒಂದು ವರ್ಷ, ಹೆಚ್ಚು ಅಂದ್ರೆ ಎರಡು ಇರಬಹುದು. ಒಮ್ಮೊಮ್ಮೆ ಇದ್ದಕ್ಕಿದ್ದ ಹಾಗೆ ಹೋಗೋದೂ ಉಂಟು."

"ಸರಿ. ಬೇಡ," ಎಂದರು ಮಾವ.

ಮನೆಗೆ ಬಂದ ಮೇಲೆ ಗಂಡನ ಸಿಟ್ಟು ಹೊರಬಿತ್ತು. "ಅಷ್ಟು ಬಿಡಿಸಿ ಹೇಳೋ ಅಗತ್ಯ ಏನಿತ್ತು? ನೀನು ಧೈರ್ಯ ಹೇಳಿದ್ರೆ ಅಪ್ಪ ಒಪ್ಪಿಕೊಳ್ತಿದ್ರು." ಅವಳು ಮಾತನ್ನು ಬೇರೆ ಥರ ಜೋಡಿಸಿದ್ದರೆ ಅವರು ಒಪ್ಪುತ್ತಿದ್ದರು ಎಂಬುದು ನಿಜವೇ. ರೋಗಿಯನ್ನು ಮಾತಿನಲ್ಲಿ ಒಪ್ಪಿಸುವುದು ಅವಳಿಗೆ ಬರುವ ವಿದ್ಯೆ. ಎಷ್ಟು ಜನರನ್ನು ಹಾಗೆ ಸ್ಟ್ರೆಚರ್ ಹತ್ತಿಸಿದ್ದಳೋ. ಅಂದು ಯಾಕೆ ಹಾಗೆ ಮಾಡಲಿಲ್ಲ ಎಂದು ತನ್ನನ್ನೇ ಕೇಳಿಕೊಂಡಳು.

ಗಂಡ ಹೆಂಡತಿಯ ನಡುವೆ ಆ ಚಳಿಗಾಲವೆಲ್ಲ ಅಗತ್ಯವಿದ್ದಷ್ಟೇ ಮಾತು. ಮಧ್ಯೆ ಮಾವ ಮಾತ್ರ ಹಗುರಾಗಿದ್ದರು. ನಾನು ಹೇಗೂ ಸುಮ್ಮನೆ ಕೂತಿದ್ದೇನೆ, ನಿನ್ನ ಕ್ಲಾಸಿನವರನ್ನು ಕರೆದುಕೊಂಡು ಬಾ, ಅವರೂ ಕಲಿಯಲಿ ಎಂದರು. ಮೊದಲು ಅವಳು ಒಪ್ಪಲಿಲ್ಲ. ಅವರು ಪಟ್ಟು ಬಿಡಲಿಲ್ಲ. ಹುಡುಗಿಯರು ಬಂದರು, ಸಾಲಾಗಿ ನಿಂತು ಕೇಳಿದರು. ಒಬ್ಬಳಿಗೆ ಸದ್ದು ಹಿಡಿಯಲಾಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಳು. ಮಾವ ಅವಳ ಕೈ ಹಿಡಿದು ಸರಿಯಾದ ಜಾಗಕ್ಕೆ ಸರಿಸಿ, ಇಲ್ಲಿ ಕೇಳು ಮಗಳೇ, ಅವಸರ ಇಲ್ಲ ಎಂದರು. ಬಾಗಿಲ ಬಳಿ ನಿಂತಿದ್ದ ಗಂಡ ಅದನ್ನು ನೋಡಿದ. ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಿಕೊಂಡು ಬಂದ.

ಅವಳು ಪಾಸಾದಳು. ಮೊದಲಿಗಳಾಗಿ ಅಲ್ಲ, ನಡುವಿನಲ್ಲಿ ಎಲ್ಲೋ. ಮಾವ ತಮ್ಮ ಹಳೆಯ ಗಿರಾಕಿಗಳನ್ನೆಲ್ಲ ನಿಲ್ಲಿಸಿ ಸುದ್ದಿ ಹೇಳಿದರು. ಮುಂದಿನ ಬೇಸಿಗೆಯಲ್ಲಿ, ಒಂದು ಬೆಳಿಗ್ಗೆ, ಅವರಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಆಸ್ಪತ್ರೆಗೆ ಹೋಗೋಣವೇ ಎಂದು ಮಗ ಕೇಳಿದ. ಅವರು ತಲೆಯಲ್ಲೇ ಬೇಡವೆಂದರು. ಮಗ ಹೆಂಡತಿಯನ್ನು ನೋಡಿದ. ಅವಳು ಅವನನ್ನು ಅಪ್ಪನ ಬೆನ್ನ ಹಿಂದೆ ಕೂರಿಸಿ, ಒರಗಿಸಿಕೊಳ್ಳಲು ಹೇಳಿದಳು. ಕಿಟಕಿ ತೆರೆದಳು. ಡಾಕ್ಟರು ಇಂಥ ಹೊತ್ತಿಗೆಂದು ಮೊದಲೇ ಬರೆದುಕೊಟ್ಟಿದ್ದ ಔಷಧಿ ಕೊಟ್ಟಳು. ಅವರ ಪಾದಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಉಸಿರು ಮೆಲ್ಲಗೆ ಸಡಿಲವಾಯಿತು. ಬಿಸಿಲು ಏರುವ ಮೊದಲೇ ಅವರು ಹೋದರು, ಮಗನ ಎದೆಗೆ ಒರಗಿಕೊಂಡೇ.

ಎಷ್ಟೋ ದಿನಗಳ ನಂತರ ಗಂಡ ಕೇಳಿದ. "ಆವತ್ತು ನೀನು ಬೇರೆ ಥರ ಹೇಳಿದ್ರೆ, ಅಪ್ಪ ಇನ್ನೂ ಇರ್ತಿದ್ರಾ?"

"ಇರ್ತಿದ್ರೋ ಏನೋ. ಆಪರೇಷನ್ನಲ್ಲೇ ಹೋಗ್ತಿದ್ರೋ ಏನೋ. ನಂಗೆ ಗೊತ್ತಿಲ್ಲ."

ಗೊತ್ತಿಲ್ಲ ಎಂದು ಹೇಳಿದೆಯಲ್ಲ, ಅಷ್ಟು ಸಾಕು ಎಂದ ಅವನು. ಸಮಾಧಾನ ಹೇಳಿದ್ದರೆ ತಾನು ನಂಬುತ್ತಿರಲಿಲ್ಲ ಎಂದ.

ಈಗ ಅವಳು ಊರಂಚಿನ ಸಣ್ಣ ಕ್ಲಿನಿಕ್ಕಿನಲ್ಲಿದ್ದಾಳೆ. ಬಾಗಿಲಿಗೊಂದು ಹಸಿರು ಪರದೆ, ಒಂದು ಮಂಚ, ಎರಡು ಕುರ್ಚಿ. ಡಾಕ್ಟರು ಫೋನಿನಲ್ಲಿ ಸಿಗುತ್ತಾರೆ, ವಾರದಲ್ಲಿ ಕೆಲವು ದಿನ ಬರುತ್ತಾರೆ. ಕೆಮ್ಮು, ಕಾಲಿನ ಹುಣ್ಣು, ಸಕ್ಕರೆ ಕಾಯಿಲೆ, ಹೊರಗೆ ಯಾರಿಗೂ ಹೇಳಲಾಗದ ಸಂಕಟ, ಎಲ್ಲವೂ ಆ ಪರದೆ ಸರಿಸಿಕೊಂಡು ಬರುತ್ತವೆ. ಕೆಟ್ಟ ಸುದ್ದಿ ಹೇಳಬೇಕಾಗಿ ಬಂದಾಗ ಅವಳು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಎಷ್ಟು ಹೇಳಲಿ, ಎಲ್ಲ ತಿಳಿದುಕೊಳ್ಳಬೇಕಾ ಎಂದು ಮೊದಲು ಕೇಳುತ್ತಾಳೆ. ಕೆಲವರು ಎಲ್ಲ ಹೇಳಿ ಎನ್ನುತ್ತಾರೆ. ಕೆಲವರು ಮಗಳು ಬರಲಿ ಎನ್ನುತ್ತಾರೆ. ಕೆಲವರು ಕಿಟಕಿಯ ಕಡೆ ನೋಡುತ್ತ ಕೂರುತ್ತಾರೆ. ಹೊರಗೆ ಸಾಲು ಬೆಳೆಯುತ್ತಿದ್ದರೂ ಅವರ ಬಾಯಿಂದ ಮಾತು ಬರುವವರೆಗೆ ಅವಳು ಕಾಯುತ್ತಾಳೆ.