ಮೂರನೇ ಸಲ ಕೇಳುವ ಊರು

ತಟ್ಟೆ ಮುಂದಿಟ್ಟ ತಕ್ಷಣ ಬಂದಿದ್ದವರೆಲ್ಲ ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

ನಾನು ಟೀಚರ್ ಕೆಲಸಕ್ಕೆ ಅಂತ ಭೂತಾನಿಗೆ ಬಂದು ಒಂದು ವಾರವಾಗಿತ್ತು. ಹೊಸ ಊರು, ನೆರೆಹೊರೆ ಚೆನ್ನಾಗಿರಬೇಕು ಎಂದು ಮನೆಯ ಒಡತಿ ಆಮಾ ಪೆಮಾಳನ್ನೂ ಅಕ್ಕಪಕ್ಕದ ಹೆಂಗಸರನ್ನೂ ಕರೆದು ಉಪ್ಪಿಟ್ಟು ಮಾಡಿದ್ದೆ. ರವೆ, ಸಾಸಿವೆ, ಕಡಲೆಬೇಳೆ, ನೆರಳಲ್ಲಿ ಒಣಗಿಸಿದ ಕರಿಬೇವು, ಎಲ್ಲ ಬೆಂಗಳೂರಿನಿಂದ ಹೊತ್ತು ತಂದದ್ದು. ಅವರು ನೋಡಿದರೆ ಬಾಯಿ ಮುಚ್ಚಿಕೊಂಡು "ಮೇಶು, ಮೇಶು" ಎನ್ನುತ್ತ ಮುಖವನ್ನು ಹಿಂದಕ್ಕೆ ಎಳೆದುಕೊಂಡರು. ಒಗ್ಗರಣೆಯ ವಾಸನೆಗೆ ಇವರಿಗೆ ಹೊಟ್ಟೆ ತೊಳಸುತ್ತಿದೆ ಅಂದುಕೊಂಡು, ಇಟ್ಟ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಒಳಗೆ ಇಟ್ಟುಬಿಟ್ಟೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೀ ಕುಡಿದರು. ಎದ್ದು ಹೋದರು. ಅಷ್ಟೂ ಉಪ್ಪಿಟ್ಟನ್ನು ಎರಡು ಹೊತ್ತು ನಾನೊಬ್ಬಳೇ ತಿಂದೆ.

ತಟ್ಟೆ ಎತ್ತುವ ಬುದ್ಧಿ ನನಗೆ ಎಲ್ಲಿಂದ ಬಂತು ಅಂತೀರಾ? ಜಯನಗರದ ಸ್ಕೂಲಿನಲ್ಲಿ ನನ್ನ ಜೊತೆಗಿದ್ದ ಶಾರದಾ ಮೇಡಂ ಕೊಟ್ಟದ್ದು. ಅವರು ಗಂಡನ ಜೊತೆ ಎರಡು ವರ್ಷ ಇಂಗ್ಲೆಂಡಿನಲ್ಲಿದ್ದು ಬಂದವರು. ಯಾರದೋ ಮನೆಯಲ್ಲಿ ಊಟಕ್ಕೆ ಕೂತು ಉಪಚಾರಕ್ಕೆ "ಬೇಡ" ಅಂದಿದ್ದಕ್ಕೆ ಆ ದೊರೆಸಾನಿ ಪಾತ್ರೆಯನ್ನು ಹಾಗೇ ಮುಂದಕ್ಕೆ ದಾಟಿಸಿದಳಂತೆ. ಅವತ್ತು ಖಾಲಿ ಹೊಟ್ಟೆಯಲ್ಲಿ ಮನೆಗೆ ಬಂದದ್ದನ್ನು ಅವರು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿಲ್ಲ. ನಾನು ಹೊರಡುವಾಗ ನಾಲ್ಕನೇ ಬ್ಲಾಕಿನ ಬಸ್ ಸ್ಟಾಪಿನಲ್ಲಿ ಕೈ ಹಿಡಿದುಕೊಂಡು ಎಚ್ಚರಿಸಿದ್ದರು: "ಫಾರಿನ್‌ನಲ್ಲಿ ಒಂದೇ ಸಲ ಕೇಳ್ಬೇಕು ಲಲಿತಾ. ಬೇಡ ಅಂದ್ರೆ ಬೇಡ. ನಮ್ಮ ತರ ಮೇಲೆ ಬಿದ್ದು ಬಡಿಸಿದ್ರೆ ಅವ್ರಿಗೆ ಬೇಜಾರಾಗುತ್ತೆ."

ಮರುದಿನ ಬೆಳಿಗ್ಗೆ ಆಮಾ ಪೆಮಾ ಬಂದಳು. ಆಮಾ ಅಂದರೆ ಅಮ್ಮ. ರಸ್ತೆ ಕೆಲಸಕ್ಕೆ ಬಂದ ನಮ್ಮ ದೇಶದವರ ಜೊತೆ ಒಡನಾಡಿ ಅವಳಿಗೆ ಅಷ್ಟಿಷ್ಟು ಹಿಂದಿ ಬರುತ್ತಿತ್ತು. ಕೈಯಲ್ಲಿ ಒಂದು ಬುಟ್ಟಿ ಕೆಂಪಕ್ಕಿ, ಮೇಲೆ ಒಂದು ಹಿಡಿ ಒಣಮೆಣಸಿನಕಾಯಿ. "ಮೇಡಂ, ಸಂಬಳ ಇನ್ನೂ ಬಂದಿಲ್ವಾ? ನಿನ್ನೆ ಊಟ ಸಾಲದೆ ವಾಪಸ್ ತಗೊಂಡ್ರಿ ಅಂತ ಎಲ್ಲರೂ ಮರುಗಿದ್ರು" ಅಂದಳು. ಮೇಶು, ಬೇಡ, ಅಂದಿರಲ್ಲ ಅಂದೆ. ಅವಳು ನಕ್ಕು ನಕ್ಕು ಕೆಳಗೆ ಕೂತುಬಿಟ್ಟಳು. "ಮೊದಲ್ನೇ ಸಲ ಯಾರಾದ್ರೂ ಹೂಂ ಅಂತಾರಾ? ಎರಡನೇ ಸಲವೂ ಅನ್ನಲ್ಲ. ಮೂರನೇ ಸಲ ನೀವು ಕೇಳ್ಬೇಕು, ಆಗ ನಾವು ತಿನ್ಬೇಕು."

ನನಗೆ ನಾಚಿಕೆಯಾಯಿತು. ಬೆಂಗಳೂರಿಗೆ ಅಂಟಿದ ಸಾರಕ್ಕಿ ಹಳ್ಳಿಯ ಹೆಣ್ಣು ನಾನು. ನಮ್ಮಲ್ಲಿ ಪಂಕ್ತಿಯಲ್ಲಿ ಕೂತವನಿಗೆ ಬಲವಂತ ಮಾಡದಿದ್ದರೆ ಆ ಮನೆಯ ಹೆಸರನ್ನು ವರ್ಷವಿಡೀ ಆಡಿಕೊಳ್ಳುತ್ತಾರೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದವನ ಬೆರಳ ಸಂದಿಯಲ್ಲಿ ಪಾಯಸ ಸುರಿಯುವವರು ನಾವು. ಎರಡು ದಿನ ಬಸ್ಸಿನಲ್ಲಿ ಬೆಟ್ಟ ಸುತ್ತಿ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಪರದೇಶಕ್ಕೆ ಬಂದರೆ, ಇಲ್ಲಿ ನಮ್ಮ ಮನೆಯದೇ ರೀತಿ ಕಾದು ಕೂತಿತ್ತು. ನಾನೇ ಗುರುತು ಹಿಡಿಯಲಿಲ್ಲ.

ಪರದೇಶ ಅಂದೆ. ಬೆಂಗಳೂರಿನಲ್ಲಿ ಇದನ್ನು ಯಾರೂ ಒಪ್ಪಲಿಲ್ಲ. ಜಯನಗರದವರಿಗೆ ಫಾರಿನ್ ಎಂದರೆ ವಿಮಾನ, ಕೊರಳಿಗೆ ಹಾರ, ವಾಪಸ್ ಬರುವಾಗ ಟೇಪ್ ರೆಕಾರ್ಡರ್. ಪಾಸ್‌ಪೋರ್ಟಿಲ್ಲದೆ ರೈಲು ಹತ್ತಿ, ಫುಂಟ್‌ಶೋಲಿಂಗ್ ಎಂಬ ಗಡಿ ಊರಿನ ಕಮಾನಿನ ಕೆಳಗೆ ನಡೆದುಕೊಂಡು ಹೋಗುವುದೂ ಒಂದು ಫಾರಿನ್ನಾ ಅಂತ ಸ್ಟಾಫ್ ರೂಮಿನಲ್ಲಿ ನಕ್ಕರು. ನಗಲಿ. ನನಗೆ ಎಲ್ಲಿಗಾದರೂ ಹೋಗಬೇಕಿತ್ತು, ಅಷ್ಟೆ. ನಮ್ಮ ರಾಗಿ ಹೊಲಗಳೆಲ್ಲ ಲೇಔಟಿಗೆ ಹೋಗಿ, ಅಪ್ಪ ಕಣ ಮಾಡುತ್ತಿದ್ದ ಜಾಗದಲ್ಲಿ ಯಾರೋ ಹಳದಿ ಡಿಸ್ಟೆಂಪರಿನ ಮನೆ ಕಟ್ಟಿಕೊಂಡಿದ್ದರು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಅಣ್ಣ ಅತ್ತಿಗೆಯ ಬಾಡಿಗೆ ಮನೆಯ ಹಾಲಿನಲ್ಲಿ ನನ್ನ ಚಾಪೆ. ಹೆಣ್ಣು ನೋಡಲು ಬಂದವರು ಕೇಸರಿಬಾತು ತಿಂದು ಹೋಗುತ್ತಿದ್ದರು. ಕೊನೆಗೆ ನಾನೇ, ಇನ್ನು ಈ ಮನೆಯಲ್ಲಿ ಕೇಸರಿಬಾತು ಮಾಡಬೇಡಿ ಅಂದೆ. ಅಣ್ಣನಿಗೆ ಜೆ.ಪಿ. ನಗರದಲ್ಲಿ ಒಂದು ಸೈಟು ಸಿಕ್ಕಿತ್ತು. ಅಲ್ಲಿ ಮನೆ ಏಳುವಾಗ ನನಗೆ ಅಂತ ಒಂದು ಮೂಲೆ ಇಡುತ್ತಾನಾ ಎಂಬುದೊಂದೇ ನಾನು ಹೊರಡುವಾಗ ಗಂಟಲಲ್ಲಿ ಉಳಿದಿದ್ದ ಮಾತು. ಕೇಳಲಿಲ್ಲ. ಕೇಳಿ ಪಡೆಯುವುದು ನನ್ನ ಜಾಯಮಾನವಲ್ಲ.

ಇಲ್ಲಿ ನನ್ನ ಮನೆ ಮಾಳಿಗೆಯ ಮೇಲೆ. ಮೆಟ್ಟಿಲಿಲ್ಲ, ಒಂದೇ ಮರದ ದಿಮ್ಮಿಗೆ ಕಚ್ಚು ಹಾಕಿ ಒರಗಿಸಿದ್ದಾರೆ. ಸೀರೆ ಎತ್ತಿ ಕಟ್ಟಿ, ಸೌದೆ ಹಿಡಿದು ಅದನ್ನು ಹತ್ತುವುದು ಕಲಿಯುವಷ್ಟರಲ್ಲಿ ಮೊಣಕಾಲು ತರಚಿಹೋಯಿತು. ನಡುಮನೆಯಲ್ಲಿ ಬುಖಾರಿ ಎಂಬ ತಗಡಿನ ಒಲೆ. ಅದು ಉರಿದಷ್ಟು ಹೊತ್ತು ಮನೆ, ಆರಿದರೆ ಮಂಜುಗಡ್ಡೆ. ಮೊದಲ ತಿಂಗಳು ಹಸಿ ಸೌದೆ ತುರುಕಿ ಊದಿ ಊದಿ ಕಣ್ಣು ಕೆಂಡವಾಯಿತು. ಕಣ್ಣೊರೆಸಿಕೊಳ್ಳುತ್ತ ಕ್ಲಾಸಿಗೆ ಹೋದರೆ, ಮೇಡಂಗೆ ಮನೆ ನೆನಪಾಗಿದೆ ಎಂದು ಹುಡುಗಿಯರು ತಾವೂ ಅಳುಮುಖ ಮಾಡಿದರು. ಹೊಗೆ ಕಣ್ರೇ, ಎಂದು ಹೇಳುವಷ್ಟು ಭಾಷೆ ನನಗಿರಲಿಲ್ಲ. ಅದು ಬರೀ ಹೊಗೆಯೂ ಆಗಿರಲಿಲ್ಲ ಅನ್ನಿ.

ಭಾಷೆಯಲ್ಲಿ ಮೊದಲು ಹಿಡಿದದ್ದು 'ಲಾ'. ಮಾತಿನ ಕೊನೆಗೆ ಇದೊಂದು ಸೇರಿಸಿದರೆ ಮರ್ಯಾದೆ, ನಮ್ಮ 'ರೀ' ಇದ್ದ ಹಾಗೆ. ಬೆಂಗಳೂರಿನಲ್ಲಿ ಕಂಡಕ್ಟರನಿಂದ ಹಿಡಿದು ಕಾಯಿ ಮಾರುವವನವರೆಗೆ ಎಲ್ಲರಿಗೂ ಸಾರ್ ಅನ್ನುವ ನಮಗೆ ಇದೇನು ಕಷ್ಟವಲ್ಲ. ಉಳಿದ ಮಾತಿಗೆ ತಡಕಾಡುತ್ತಿದ್ದರೂ ಲಾ ಮಾತ್ರ ಧಾರಾಳವಾಗಿ ಹಾಕಿದೆ. ಒಂದು ಸಂತೆಯ ದಿನ ಹಿಂದಿಯ ಒಂದು ಮಾತೂ ಇಲ್ಲದೆ ಕೋಸು, ಮೂಲಂಗಿ, ಬೆಣ್ಣೆ ಕೊಂಡು ಬಂದೆ. ದಾರಿಯಲ್ಲಿ ಹೇಳಿಕೊಳ್ಳಲು ಒಬ್ಬರೂ ಇರಲಿಲ್ಲ. ಕೋಸಿಗೇ ಹೇಳಿದೆ.

ಊಟದ ವಿಷಯ ಕೇಳಬೇಡಿ. ಎಮಾ ದಾತ್ಶಿ ಅಂತ ಇವರ ನಿತ್ಯದ ಪಲ್ಯ. ಎಮಾ ಎಂದರೆ ಮೆಣಸಿನಕಾಯಿ, ದಾತ್ಶಿ ಎಂದರೆ ಚೀಸು. ನಾವು ಹುರುಳಿಕಾಯಿ ಹಾಕುವಷ್ಟು ಮೆಣಸಿನಕಾಯಿ ಹಾಕುತ್ತಾರೆ. ಖಾರ ತಿಂದು ಬೆಳೆದವಳು ಎಂಬ ನನ್ನ ಜಂಬ ಮೊದಲ ತುತ್ತಿಗೇ ಇಳಿಯಿತು. ಆದರೆ ಆ ವರ್ಷದ ದೊಡ್ಡ ಸಂಭ್ರಮ ಕೆಳಗಿನ ಇಳಿಜಾರಿನಲ್ಲಿ ಕಂಡ ಪೈರು. ದೂರದಿಂದಲೇ ಗೊತ್ತಾಯಿತು, ತೆನೆ ಮುಷ್ಟಿ ಕಟ್ಟಿತ್ತು. ರಾಗಿ. ಹೊಲದ ಬದುವಿನಲ್ಲಿ ನಿಂತು ಗೊಳೋ ಅಂತ ಅತ್ತುಬಿಟ್ಟೆ. ಇದರಲ್ಲಿ ಏನು ಮಾಡ್ತೀರಿ ಆಮಾ ಅಂದರೆ, "ಸಾರಾಯಿ" ಅಂದಳು. ನಮ್ಮ ಹೊಟ್ಟೆ ಹೊರೆದ ರಾಗಿಯನ್ನು ಇವರು ಹೆಚ್ಚಾಗಿ ಅರಾ ಎಂಬ ಸಾರಾಯಿ ಬಟ್ಟಿ ಇಳಿಸಲು ಬಳಸುತ್ತಿದ್ದರು. ಒಂದಿಷ್ಟು ಬೇಡಿ ತಂದು, ಹಳ್ಳದ ನೀರಿನಿಂದ ತಿರುಗುವ ಬೀಸುವ ಕಲ್ಲಿನಲ್ಲಿ ಹಿಟ್ಟು ಮಾಡಿಸಿ, ಸೌದೆ ಸೀಳಿ ಹಿಟ್ಟಿನ ಕೋಲು ಮಾಡಿಕೊಂಡು ಮುದ್ದೆ ತಿರುವಿದೆ. ಆಮಾಳನ್ನು ಕೂರಿಸಿದೆ. ಅವಳು ಬಾಯಿ ಮುಚ್ಚಿಕೊಂಡಳು, ನಾನು ಬಿಡಲಿಲ್ಲ. ಮೂರನೇ ಸಲಕ್ಕೆ ಬಾಯಿಗಿಟ್ಟು ಅಗಿಯಲು ಶುರು ಮಾಡಿದಳು. ಅಗೀಬಾರದು, ನುಂಗು ಅಂದರೂ ಕೇಳದೆ, ಒಂದೇ ತುತ್ತನ್ನು ಹಸು ಮೆಲುಕು ಹಾಕಿದಂತೆ ಹಾಕುತ್ತ, ಇದಕ್ಕಿಂತ ಸಾರಾಯಿಯೇ ವಾಸಿ ಎಂಬ ಮುಖದಲ್ಲಿ ನನ್ನನ್ನೇ ನೋಡುತ್ತಿದ್ದಳು.

ಇಷ್ಟಾದರೂ ನನ್ನ ಕಾಲು ಒಂದು ಕಡೆ ನಿಲ್ಲಲಿಲ್ಲ. ಸ್ಕೂಲು ಬಿಟ್ಟ ಮೇಲೆ ರಸ್ತೆಯ ಈ ತಿರುವಿನಿಂದ ಆ ತಿರುವಿಗೆ ನಡೆಯುತ್ತಿದ್ದೆ. ಬೆಂಗಳೂರಿನಲ್ಲಿ ಬನಶಂಕರಿ ಬಸ್ಸಿನ ನೂಕುನುಗ್ಗಲಲ್ಲಿ, "ಯಾವಾಗಮ್ಮ ಊಟ ಹಾಕ್ಸೋದು?" ಎಂದು ಕೇಳುವ ಹೆಂಗಸರ ನಡುವೆ, ಎಲ್ಲಿಗಾದರೂ ಓಡಿಹೋಗಬೇಕು ಅನಿಸುತ್ತಿತ್ತು. ಇಲ್ಲಿ ಯಾರೂ ಏನೂ ಕೇಳುವುದಿಲ್ಲ. ಮದುವೆಯಾಗದ ಹೆಂಗಸು ಎಂದು ತಿರುಗಿ ನೋಡುವವರೂ ಇಲ್ಲ. ಅದೇನು ಹಗುರ ಅಂತೀರಿ. ಆದರೆ ಸಂಜೆ ಬೆಟ್ಟದ ನೆರಳು ಕಣಿವೆಗೆ ಇಳಿಯುತ್ತಿದ್ದ ಹಾಗೆ, ಅದೇ ಹಾಳು ಬಸ್ಸು ಬಂದು ನಿಲ್ಲಬಾರದೇ ಅನಿಸುತ್ತಿತ್ತು. ನನಗೆ ಏನು ಬೇಕೋ ನನಗೇ ಗೊತ್ತಿರಲಿಲ್ಲ.

ಇಲ್ಲಿ ಚಳಿಗಾಲಕ್ಕೆ ಸ್ಕೂಲಿಗೆ ದೊಡ್ಡ ರಜೆ. ಊರಿಗೆ ಬಂದೆ. ಅಣ್ಣನ ಮನೆ ಎದ್ದಿತ್ತು. ಗೋಡೆ ಮುಗಿದು, ಛಾವಣಿಗೆ ಮೋಲ್ಡ್ ಹಾಕಿ, ಅದು ಒಣಗದ ಹಾಗೆ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದರು. ಬಂದ ಮರುದಿನವೇ ಅಣ್ಣ ಸೈಟಿಗೆ ಕರೆದುಕೊಂಡು ಹೋಗಿ, ದೇವರ ಮನೆ, ಅಡುಗೆ ಮನೆ, ಮಕ್ಕಳ ರೂಮು ಎಲ್ಲ ತೋರಿಸಿ, ಹೊರಗೆ ನಿಂತು ತಲೆ ಎತ್ತಿ, "ಲಲ್ತಾ, ಮೇಲೆ ನಿಂಗೊಂದು ರೂಮು ಹಾಕ್ಸಲೇನೇ?" ಅಂದ.

ವರ್ಷವಿಡೀ ಕಾದ ಮಾತು. ನನ್ನ ಬಾಯಿಯಿಂದ ಬಂದದ್ದು, "ನಂಗ್ಯಾಕಣ್ಣ? ಬೇಡ."

"ಸರಿ ಬಿಡು" ಅಂದ ಅಣ್ಣ. ಮೇಸ್ತ್ರಿಯ ಕಡೆ ತಿರುಗಿ, "ಮೇಲೆ ಓಪನ್ ಬಿಟ್ಬಿಡಿ, ಬಟ್ಟೆ ಒಣಗಾಕಕ್ಕೆ ಆಗುತ್ತೆ" ಅಂದ.

ಎರಡನೇ ಸಲ ಕೇಳುತ್ತಾನೆ ಎಂದು ಕಾದೆ. ದಾರಿಯಲ್ಲಿ ಕೇಳಲಿಲ್ಲ. ಊಟಕ್ಕೆ ಕೂತಾಗ ಅತ್ತಿಗೆ ಇನ್ನರ್ಧ ಮುದ್ದೆ ಹಾಕಿಸಿಕೋ ಎಂದು ಪ್ರಾಣ ತೆಗೆದರು. ರೂಮಿನ ಮಾತು ಇಬ್ಬರ ಬಾಯಲ್ಲೂ ಇಲ್ಲ. ಮುದ್ದೆಗೆ ಅಷ್ಟೊಂದು ಬಲವಂತ, ರೂಮಿಗೆ ಒಂದೇ ಮಾತು. ರಜೆಯೆಲ್ಲ ಮುಖ ಊದಿಸಿಕೊಂಡೇ ಓಡಾಡಿದೆ. ಮಡಿವಾಳಕ್ಕೆ ಹೋಗಿ ಬಂದೆ, ವಸಂತಪುರದ ದೇವಸ್ಥಾನಕ್ಕೆ ಹೋಗಿ ಬಂದೆ, ಕೆಲಸವಿಲ್ಲದಿದ್ದರೂ ಬಸ್ಸು ಹತ್ತಿ ಇಳಿದೆ. ಬಂದವಳು ಒಂದು ಕ್ಷಣ ಮನೆಯಲ್ಲಿ ಕೂರುವುದಿಲ್ಲ ಎಂದು ಅತ್ತಿಗೆ ಗೊಣಗಿದರು. ಕೂರುವುದು ಎಲ್ಲಿ, ಅಂತ ಬಾಯಿಯವರೆಗೆ ಬಂದಿತ್ತು.

ಹೊರಡುವ ಹಿಂದಿನ ದಿನ ತಡೆಯಲಾಗಲಿಲ್ಲ. ಸೈಟಿಗೆ ನಡೆದೆ. ಅಣ್ಣ ಮೋಲ್ಡಿನ ಮೇಲೆ ಪಂಚೆ ಎತ್ತಿ ಕಟ್ಟಿ, ಪೈಪು ಹಿಡಿದು ನೀರು ತುಂಬಿಸುತ್ತಿದ್ದ. ನಾನೂ ಚಪ್ಪಲಿ ಬಿಟ್ಟು ಆ ನೀರಿಗೇ ಇಳಿದೆ.

"ಅಣ್ಣ, ನಂಗೆ ಮೇಲೆ ರೂಮ್ ಬೇಕು."

"ಅವತ್ತು ಬೇಡ ಅಂದ್ಯಲ್ಲೇ?"

"ಇನ್ನೊಂದ್ಸಲ ಕೇಳ್ತೀಯ ಅಂತ ಅಂದೆ."

ಅಣ್ಣ ಪೈಪನ್ನು ಕೆಳಗೆ ಬಿಟ್ಟ. ನೀರು ಸುಮ್ಮನೆ ಹರಿಯುತ್ತಿತ್ತು. "ಕೇಳ್ಬೇಕು ಅಂತ ನಾಲ್ಗೆ ತುದೀಲೇ ಇತ್ತು ಕಣೆ. ನಾನು ಬಲವಂತ ಮಾಡಿದ್ರೆ, ಅಲ್ಲಿ ಕೆಲ್ಸ ಬಿಟ್ಟು ಬಂದ್ಬಿಡು ಅಂದಂಗಾಗುತ್ತಲ್ಲ ಅಂತ ಸುಮ್ನಾದೆ. ಇಲ್ಲಿದ್ದಾಗ ನೀನು ನಕ್ಕಿದ್ದು ನಾನೆಲ್ಲಿ ನೋಡಿದೀನಿ? ಈ ಸಲ ಬಂದ ದಿನ ಆ ಮುದ್ದೆ ಅಗಿಯೋ ಹೆಂಗಸಿನ ಕತೆ ಹೇಳ್ಬೇಕಾದ್ರೆ ನೋಡ್ದೆ. ರೂಮು ಹಾಕ್ಸೋಣ ಬಿಡು" ಅಂದ.

ನನಗೆ ಅಳು ಒತ್ತರಿಸಿ ಬಂತು. ಇಷ್ಟು ದಿನ ಇವನ ಮೇಲೆ ಮುನಿಸಿಕೊಂಡು ತಿರುಗಿದೆನಲ್ಲ ಎಂದು ಅತ್ತೆ, ರೂಮು ಸಿಕ್ಕಿತು ಎಂದೂ ಅತ್ತೆ. ಅಣ್ಣ ಏನು ಮಾಡಬೇಕೋ ತಿಳಿಯದೆ ಮೇಸ್ತ್ರಿಯನ್ನು ಕೂಗಿ ಕರೆದ.

ಮೇಸ್ತ್ರಿ ಮೇಲೆ ಬಂದು ಎಲ್ಲ ಕೇಳಿ, "ಮೊದ್ಲೇ ಹೇಳೋದಲ್ವಾ ಸಾರ್? ಆಗುತ್ತೆ ಬಿಡಿ, ಮುಂದೆ ಮೇಲೆ ಕಟ್ಟೋಕೆ ಆಗ್ಲಿ ಅಂತ ಕಂಬಿ ಬಿಟ್ಟಿದೀನಿ" ಅಂದ. ಒಣಗಿದ ಒಂದು ಮೂಲೆಯಲ್ಲಿ ಇಟ್ಟಿಗೆ ಚೂರಿನಿಂದ ನಾಲ್ಕು ಗೆರೆ ಎಳೆದ. ಅದು ನನ್ನ ರೂಮು. "ಅಕ್ಕ, ಕಿಟ್ಕಿ ಯಾವ ಕಡೆ ಬೇಕು?" ಎಂದು ಕೇಳಿದ.

ದಕ್ಷಿಣಕ್ಕೆ ನಮ್ಮ ಹೊಲಗಳಿದ್ದ ದಿಕ್ಕು. ಅಲ್ಲೊಂದು ಇಲ್ಲೊಂದು ಕಟ್ಟದೆ ಉಳಿದ ಸೈಟಿನಲ್ಲಿ ಇನ್ನೂ ಹಳೆಯ ಹುಣಸೆಮರ ಕಾಣುತ್ತಿತ್ತು. ಉತ್ತರಕ್ಕೆ ಏನೂ ಇರಲಿಲ್ಲ, ಬರೀ ಮನೆಗಳು, ನೀರಿನ ಟ್ಯಾಂಕು. ಆದರೆ ನಾಳೆ ನಾನು ಹತ್ತುವ ರೈಲು ಹೋಗುವುದು ಆ ಕಡೆಗೆ. ಮೇಸ್ತ್ರಿ ಇಟ್ಟಿಗೆ ಚೂರು ಹಿಡಿದು ಕಾಯುತ್ತಿದ್ದ. "ಎರಡು ಕಡೆನೂ ಇಡಿ" ಅಂದೆ.

ಅಣ್ಣ ನಕ್ಕ. "ಇರೋದೇ ಇಷ್ಟಗಲ. ಎರಡು ಕಡೆ ಕಿಟ್ಕಿ, ಒಂದು ಕಡೆ ಬಾಗ್ಲು, ಇನ್ನೊಂದು ಕಡೆ ಬೀರು ಅಂದ್ರೆ ಮಂಚ ಎಲ್ಲಿ ಹಾಕ್ತೀಯೇ?"

ನಾನು ಇಲ್ಲಿ ಭೂತಾನಿನಲ್ಲಿ ಇನ್ನೂ ಮೂರು ವರ್ಷಕ್ಕೆ ಒಪ್ಪಿಕೊಂಡಿದ್ದೇನೆ. ಹೋದ ಚಳಿಗಾಲದಲ್ಲಿ ಊರಿಗೆ ಹೋದಾಗ ರೂಮು ಸಿದ್ಧವಾಗಿತ್ತು. ಗಾಳಿ ಈ ಕಿಟಕಿಯಿಂದ ಬಂದು ಆ ಕಿಟಕಿಯಿಂದ ಹೋಗುತ್ತದೆ. ಮಂಚವನ್ನು ಯಾವ ಗೋಡೆಗೂ ತಾಗಿಸದೆ ನಟ್ಟನಡುವೆ ಹಾಕಿಕೊಂಡಿದ್ದೇನೆ. ಒಂದು ಬೆಳಿಗ್ಗೆ ಅತ್ತಿಗೆ ಗುಡಿಸಲು ಬಂದು, ಸೊಂಟಕ್ಕೆ ಮಂಚ ತಗುಲಿಸಿಕೊಂಡು, "ಇದನ್ನ ಒಂದು ಕಡೆಗೆ ಸರಿಸ್ಬಾರದೇನೇ?" ಎಂದು ರೇಗಿದರು.

"ಯಾವ ಕಡೆಗೆ ಅಂತ ಹೇಳಿ ಅತ್ತಿಗೆ, ಸರಿಸ್ತೀನಿ" ಅಂದೆ.

ಅವರು ಪೊರಕೆ ಹಿಡಿದು ಮಂಚದ ಸುತ್ತ ಗುಡಿಸಿಕೊಂಡು ಹೋದರು.