ಉಡಿಯ ಖಣ, ಗೊಂಬೆಯ ಲಂಗ

ಮಗಳಿಗೆಂದು ಹಳೆಯ ಧೋತರದಲ್ಲಿ ಗೊಂಬೆ ಹೊಲಿದು, ಒಳಗೆ ಪಕ್ಕದ ಊರು ಯಾಲಾಲದಿಂದ ತಂದ ಕುರಿಯ ಉಣ್ಣೆ ತುಂಬಿದೆ. ಜಡೆಗೆ ಕರಿ ಉಣ್ಣೆಯಾಯಿತು, ಕೊರಳಿಗೆ ಹರಿದ ಸರದ ಮಣಿಗಳಾದವು. ಲಂಗಕ್ಕೆ ಮಾತ್ರ ಒಳ್ಳೆಯ ಬಟ್ಟೆ ಸಿಗಲಿಲ್ಲ.

ನಮ್ಮ ತಾಂಡೂರಿನ ಮನೆಯ ಅಲಮಾರಿಯಲ್ಲಿ ಕುಬ್ಬಸದ ಖಣಗಳ ದೊಡ್ಡ ಗಂಟೇ ಇದೆ. ಎಲ್ಲವೂ ಉಡಿ ತುಂಬಿದಾಗ ಬಂದವು. ಯಾರೂ ರವಿಕೆ ಹೊಲಿಸಿಕೊಳ್ಳುವುದಿಲ್ಲ; ಮನೆಗೆ ಬಂದವರ ಉಡಿಗೆ ಹಾಕಿ ದಾಟಿಸುತ್ತೇವೆ. ಈ ಪದ್ಧತಿಯ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಮೇಲಿದ್ದ ಹಸಿರು ಖಣ ಎಳೆದು ಕತ್ತರಿ ಹಾಕಿಬಿಟ್ಟೆ.

ಸಂಜೆ ಅತ್ತೆ ಗಂಟು ಬಿಚ್ಚಿದರು. "ನಾಳಿ ಜಹೀರಾಬಾದಿಂದ ನನ್ನ ತಂಗಿ ಬರ್ತಾಳ. ಅಕಿಗಂತ ಇಟ್ಟ ಹಸರ ಖಣ ಎಲ್ಲದ?"

ಉಡಿಯ ಖಣಕ್ಕೆ ಕತ್ತರಿ ಹಾಕಿದ ಸೊಸೆಯ ಸುದ್ದಿ ನೆಂಟರ ಮನೆಗಳನ್ನೆಲ್ಲ ಸುತ್ತಿಬರುತ್ತದೆ. ಗೊಂಬೆಯನ್ನೇ ಅವರ ಕೈಗಿಟ್ಟೆ.

ಅತ್ತೆ ಲಂಗದ ಅಂಚು ತಿರುವಿದರು. ಅಲ್ಲಿದ್ದ ಅರಿಸಿನದ ಕಲೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಗೊಳ್ಳನೆ ನಕ್ಕರು.

"ಇದು ನನ್ನ ಅರಿಸಿನ ಕೈ ಕಲೆನೇ ಅದ! ಮೂರು ವರ್ಷದ ಹಿಂದ ಇದನ್ನ ನನ್ನ ತಂಗಿಗೇ ಕೊಟ್ಟಿದ್ದೆ. ಊರೆಲ್ಲ ತಿರಗಿ ನಮ್ಮ ಮನಿಗೇ ಬಂದದ. ನಾಳಿ ಮತ್ತ ಅಕಿ ಉಡ್ಯಾಗೇ ಹಾಕ್ತಿದ್ದೆ ನೋಡು. ನೀ ಕತ್ತರಿಸಿದ್ದೇ ಛಲೋ ಆತು."

ಅತ್ತೆ ಗೊಂಬೆಯನ್ನು ನನ್ನ ಮಡಿಲಿಗೆ ಹಾಕಿದರು.

"ಉಳಿದದ್ದರಾಗ ಗೊಂಬಿಗೊಂದು ಕುಬ್ಬಸಾನೂ ಹೊಲಿ. ಕಡಿಗಿ ಒಬ್ಬಾಕಿಯಾದ್ರೂ ಖಣ ತೊಟ್ಟಂಗಾತು."